ಬಾಬು ಅವರ ಜೀವಕೋಶಗಳು

12 ಮಾರ್ಚ್ 2025, ಬುಧವಾರ

ವರದಿ ಬಂತು. ಮೂರು ವರ್ಷದಿಂದ ನಾನು ಬಾಬು ಅವರದೆಂದು ಬೆಳೆಸುತ್ತಿರುವ ಜೀವಕೋಶಗಳು ಯಾರೋ ಒಬ್ಬ ಹೆಂಗಸಿನವು.

ಕ್ರಮವಾಗಿ ಬರೆಯಬೇಕು. ಬರೆದರೆ ತಲೆ ನೆಟ್ಟಗಾಗುತ್ತದೆ. ಕನ್ನಡದಲ್ಲಿ ಬರೆಯುತ್ತಿರುವುದು ಚೆನ್ನೈಯ ಈ ಲ್ಯಾಬಿನಲ್ಲಿ ಯಾರೂ ಓದದಿರಲಿ ಎಂದು. ಲ್ಯಾಬಿನ ಮುಖ್ಯಸ್ಥ ವಿಶ್ವಾರಾಧ್ಯ ಸರ್ ಒಬ್ಬರು ಓದಬಲ್ಲರು, ಆದರೆ ಅವರು ಇನ್ನೊಬ್ಬರ ಪುಸ್ತಕ ತೆರೆಯುವವರಲ್ಲ. ಅವ್ವ ಹೋದ ಮೇಲೆ ಮನೆಯಲ್ಲಿ ಕನ್ನಡ ಆಡುವುದಕ್ಕೆ ಯಾರೂ ಇಲ್ಲ. ಶಾಲೆಯಲ್ಲಿ ಕಲಿತದ್ದಲ್ಲ, ಅವ್ವ ಅಡುಗೆಮನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆಸಿದ ಅಕ್ಷರ. ತಪ್ಪಿದ್ದರೆ ಇರಲಿ.

ನಮ್ಮ ಮೂರನೆಯ ಪ್ರಬಂಧವನ್ನು ಒಪ್ಪಿಕೊಂಡ ಜರ್ನಲ್‌ನವರು ಒಂದು ಪ್ರಮಾಣಪತ್ರ ಕೇಳಿದ್ದರು. ಈ ಸೆಲ್ ಲೈನ್, ಅಂದರೆ ಫ್ಲಾಸ್ಕಿನಲ್ಲಿ ಬೆಳೆಸುತ್ತ ಬಂದ ಈ ಕೋಶಗಳ ಸಂತತಿ, ಯಾವ ರೋಗಿಯದೆಂದು ಹೇಳುತ್ತೀರೋ ಆ ರೋಗಿಯದೇ ಎಂಬುದಕ್ಕೆ ಡಿಎನ್ಎ ಸಾಕ್ಷಿ. ಮೊದಲೇ ಮಾಡಿಸಬೇಕಿತ್ತು. ಎಲ್ಲರೂ ಮುಂದೂಡುವ ಹಾಗೆ ನಾನೂ ಮುಂದೂಡಿದೆ. ಆಸ್ಪತ್ರೆಯವರು ಮೇಣದಲ್ಲಿ ಇಟ್ಟಿದ್ದ ಬಾಬು ಅವರ ಗಡ್ಡೆಯ ತುಣುಕು ಒಂದು ಕಡೆ, ನಮ್ಮ ಫ್ಲಾಸ್ಕಿನ ಕೋಶಗಳು ಇನ್ನೊಂದು ಕಡೆ. ಹದಿನಾರು ಜಾಗಗಳಲ್ಲಿ ಹೋಲಿಸಿ ನೋಡುತ್ತಾರೆ. ವೈ ಕ್ರೋಮೋಸೋಮ್ ಇಲ್ಲ ಎಂದು ಕಂಡಾಗ ಅರ್ಧ ಗಂಟೆ ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ, ಕ್ಯಾನ್ಸರ್ ಕೋಶಗಳು ಅದನ್ನು ಕಳೆದುಕೊಳ್ಳುವುದುಂಟು ಎಂದು. ಉಳಿದ ಜಾಗಗಳನ್ನು ಓದಿದ ಮೇಲೆ ಸಮಾಧಾನಕ್ಕೆ ಏನೂ ಉಳಿಯಲಿಲ್ಲ.

ಪೂರ್ತಿ ಹೊಂದಿಕೆಯಾಗುವುದು ಹೋಲಿಕೆಗೆಂದು ಜರ್ಮನಿಯಿಂದ ತರಿಸಿದ್ದ ಇನ್ನೊಂದು ಸೆಲ್ ಲೈನಿಗೆ. ಅದೂ ಮರ್ಕೆಲ್ ಸೆಲ್ ಕಾರ್ಸಿನೋಮಾ, ಅದೇ ಅಪರೂಪದ ಚರ್ಮದ ಕ್ಯಾನ್ಸರ್. ಅದೂ ಬಾಬು ಅವರದರಂತೆ ಫ್ಲಾಸ್ಕಿನ ತಳಕ್ಕೆ ಅಂಟದೆ, ಬೆಂದ ಸಾಬಕ್ಕಿಯ ಹಾಗೆ ಗುಂಪುಗುಂಪಾಗಿ ತೇಲುತ್ತದೆ. ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಎರಡೂ ಒಂದೇ ಫ್ಲಾಸ್ಕಿಗೆ ಬಿದ್ದರೆ ಬೇಗ ಬೆಳೆಯುವುದು ಉಳಿಯುತ್ತದೆ, ನಿಧಾನದ್ದು ಇಲ್ಲವಾಗುತ್ತದೆ. 2022ರ ಬೇಸಿಗೆಯಲ್ಲಿ ನಮ್ಮ ಕೋಶಗಳು ಇದ್ದಕ್ಕಿದ್ದಂತೆ ಚುರುಕಾದವು ಎಂದು ನಾನು ಇಡೀ ಲ್ಯಾಬಿಗೆ ಮೈಸೂರ್ ಪಾಕ್ ಹಂಚಿದ್ದೆ.

ಒಂದೇ ಒಂದು ಹನಿ ಸಾಕು. ಯಾವಾಗ ಬಿತ್ತು?

13 ಮಾರ್ಚ್, ಗುರುವಾರ

ಸಂಜೆ ಹೋಟೆಲಿಗೆ ಹೋದೆ. ಗುರುವಾರ ಹೋಗುವುದು ರೂಢಿ. ಹೋಗದಿದ್ದರೆ ಬಾಬು ಅವರ ಹೆಂಡತಿ ಸರಸಕ್ಕ ಏನಾದರೂ ಊಹಿಸಿಕೊಂಡಾರು.

ಮಾಂಬಲಂ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಹನ್ನೊಂದು ಟೇಬಲ್ಲುಗಳ ಹೋಟೆಲು. ಬಾಬು ಅವರು ಅಲ್ಲಿ ಮೂವತ್ತೆಂಟು ವರ್ಷ ದೋಸೆ ಕಾವಲಿಯ ಮುಂದೆ ನಿಂತಿದ್ದರು. ಬಲಗೈಯ ಮೇಲೆ ಕೆಂಪಗೆ ಒಂದು ಗಂಟು ಎದ್ದಾಗ ಎಣ್ಣೆ ಸಿಡಿದ ಗಾಯ ಎಂದುಕೊಂಡು ಐದು ತಿಂಗಳು ಅರಿಶಿನ ಹಚ್ಚಿದರು. ಆಸ್ಪತ್ರೆಯ ಒಪ್ಪಿಗೆ ಪತ್ರ ತಮಿಳಿನಲ್ಲಿ, ಇಂಗ್ಲಿಷಿನಲ್ಲಿ ಇತ್ತು. ಅವರಿಗೆ ಎರಡೂ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಕನ್ನಡದಲ್ಲಿ ಬಿಡಿಸಿ ಹೇಳಲು ನನ್ನನ್ನು ಕರೆಸಿದರು. ನಿಮ್ಮ ಗಡ್ಡೆಯ ಕೋಶಗಳು ಬದುಕಿದರೆ ವರ್ಷಗಟ್ಟಲೆ ಅವುಗಳ ಮೇಲೆ ಔಷಧಿ ಪರೀಕ್ಷೆ ಮಾಡಬಹುದು ಎಂದೆ.

“ಅಂದ್ರೆ ನಾನು ಹೋದ ಮೇಲೂ ಡ್ಯೂಟಿ ಉಂಟು ಅನ್ನಿ. ವಾರಕ್ಕೊಂದು ರಜೆ?”

“ಇಲ್ಲ,” ಎಂದೆ.

“ಹೋಟೆಲಲ್ಲೂ ಇರ್ಲಿಲ್ಲ, ಬಿಡಿ,” ಎಂದು ಹೆಬ್ಬೆಟ್ಟಲ್ಲ, ಸರಿಯಾಗಿ ಸಹಿಯನ್ನೇ ಹಾಕಿದರು.

ಅವರು ಹೋದ ಮೇಲೆ ಗಲ್ಲಾದಲ್ಲಿ ಸರಸಕ್ಕ ಕೂರುತ್ತಾರೆ. ಇವತ್ತೂ ಸರಸಕ್ಕ ಕೇಳಿದರು, “ಎಂತ ಮೇಡಂ, ಮುಖ ಬಾಡಿದೆ. ನಮ್ಮವರು ಹೇಗಿದ್ದಾರೆ?”

“ಚೆನ್ನಾಗಿದ್ದಾರೆ,” ಎಂದೆ.

ಅಷ್ಟು ಕೇಳಿಯೂ ಕೇಳದ ಹಾಗೆ ಆರನೇ ಟೇಬಲ್ಲಿಗೆ ಸಾಂಬಾರ್ ಕೊಡು ಎಂದು ಒಳಗೆ ಕೂಗಿದರು. ಉತ್ತರ ಪೂರ್ತಿ ಕೇಳುವ ಧೈರ್ಯ ಇರುವುದಿಲ್ಲ, ಪಾಪ. ನಾನೇ ಮುಂದುವರಿಸಿದೆ. ಈ ವಾರ ಒಳ್ಳೆಯ ಬೆಳವಣಿಗೆ, ಕೋಶ ಉಣ್ಣುವ ದ್ರವ, ಹೊಸ ಮೀಡಿಯಂ, ಹಿಡಿಸಿದೆ ಎಂದೆಲ್ಲ ಹೇಳಿದೆ. ಮಗಳು ಪ್ರಣಮ್ಯಾ ಪಕ್ಕದಲ್ಲೇ ನಿಂತು ಮೊಬೈಲ್ ನೋಡುತ್ತಿದ್ದವಳು ತಲೆ ಎತ್ತಿ ತಾಯಿಗೆ ತಮಿಳಿನಲ್ಲಿ, “ಅಮ್ಮಾ, ಅವಂಗಳ ಮೊದಲ್ಲ ಸಾಪ್ಪಿಡ ವಿಡು,” ಎಂದಳು. ಮೊದಲು ಅವರನ್ನು ತಿನ್ನಲು ಬಿಡು ಎಂದು.

ಹೇಳಬೇಕಿತ್ತು. ಮೊದಲು ಕಾರಣ ತಿಳಿಯಲಿ.

15 ಮಾರ್ಚ್, ಶನಿವಾರ

ತಿಳಿಯಿತು. ನನ್ನದೇ ಕೈಬರಹ.

ಲ್ಯಾಬಿನ ನಿಯಮ ಇದು: ಹುಡ್ಡಿನೊಳಗೆ, ಅಂದರೆ ಶುದ್ಧ ಗಾಳಿಯ ಗಾಜಿನ ಗೂಡಿನೊಳಗೆ, ಒಂದು ಸಲಕ್ಕೆ ಒಂದೇ ಸೆಲ್ ಲೈನ್. ಒಂದಕ್ಕೆ ಬಳಸಿದ ಮೀಡಿಯಂ ಬಾಟಲಿ ಇನ್ನೊಂದಕ್ಕೆ ಕೂಡದು. ನಡುವೆ ಒರೆಸಿ ಅರ್ಧ ಗಂಟೆ ಬಿಡಬೇಕು. ಈ ನಿಯಮವನ್ನು ಹೊಸಬರಿಗೆ ಹೇಳಿಕೊಡುವವಳು ನಾನು.

ನೋಟ್‌ಬುಕ್ಕಿನಲ್ಲಿ, 2 ಮಾರ್ಚ್ 2022: ಒಂಬತ್ತು ನಲವತ್ತಕ್ಕೆ ಜರ್ಮನಿಯದು. ಒಂಬತ್ತು ಐವತ್ತೈದಕ್ಕೆ ಬಾಬು ಅವರದು. ಬಾಟಲಿ ಸಂಖ್ಯೆ ಎರಡೂ ಸಾಲಿನಲ್ಲಿ ಒಂದೇ. ಅದಕ್ಕಿಂತ ಮುಂಚಿನ ಯಾವ ಪುಟದಲ್ಲೂ ಇಂಥದ್ದಿಲ್ಲ. ನಂತರವೂ ಇಲ್ಲ.

ಆ ದಿನ ಏನಿತ್ತು ಎಂದು ಹುಡುಕಬೇಕಾಗಲಿಲ್ಲ. ಬಾಬು ಅವರ ಉತ್ತರಕ್ರಿಯೆ. ಹದಿಮೂರನೆಯ ದಿನ. ಸರಸಕ್ಕ ಫೋನ್ ಮಾಡಿ, “ಊಟಕ್ಕೆ ಬರ್ಲೇಬೇಕು ಮೇಡಂ, ಅವರದ್ದು ಸ್ವಲ್ಪ ನಿಮ್ಮತ್ರ ಉಂಟಲ್ಲ,” ಎಂದಿದ್ದರು. ಹನ್ನೊಂದಕ್ಕೆ ಅಲ್ಲಿರಬೇಕೆಂದು ಅವಸರ ಮಾಡಿದೆ. ಅವರ ಊಟಕ್ಕೆ ಹೋಗಲು ಅವರನ್ನೇ ಅಳಿಸಿಹಾಕಿದೆ.

ಆ ಸಾಲುಗಳನ್ನು ಬಹಳ ಹೊತ್ತು ನೋಡಿದೆ. ಬಾಟಲಿ ಸಂಖ್ಯೆಯ ಕೊನೆಯ ಅಂಕಿ 1. ಅದನ್ನು 7 ಮಾಡಲು ಒಂದು ಗೀರು ಸಾಕು. ಹಾಗೆ ಮಾಡಲಿಲ್ಲ ಎಂದು ಬರೆಯುವುದೇ ನಾಚಿಕೆ. ಬರೆದದ್ದನ್ನು ತಿದ್ದುವವಳು ನಾನಲ್ಲ. ಇಷ್ಟು ವರ್ಷದ ನೌಕರಿಯಲ್ಲಿ ನನ್ನ ಬಗ್ಗೆ ನನಗೆ ಖಾತ್ರಿಯಾಗಿ ಗೊತ್ತಿರುವುದು ಅದೊಂದೇ.

17 ಮಾರ್ಚ್, ಸೋಮವಾರ

ವಿಶ್ವಾರಾಧ್ಯ ಸರ್‌ಗೆ ಹೇಳಿದೆ. ನೋಟ್‌ಬುಕ್ ತೆರೆದು ಎದುರಿಗಿಟ್ಟೆ. ಕನ್ನಡಕ ಹಣೆಗೇರಿಸಿ ಎರಡು ಸಲ ಓದಿದರು. ನಿವೃತ್ತಿಗೆ ಹದಿನಾಲ್ಕು ತಿಂಗಳಿದೆ ಅವರಿಗೆ.

“ನೋಡಮ್ಮ ಶಿಲ್ಪಶ್ರೀ, ಆ ಕೋಶಾನೂ ಮರ್ಕೆಲ್ಲೇ ತಾನೆ? ನಮ್ಮ ಔಷಧಿ ಅದನ್ನ ಕೊಂದಿದ್ದು ಸುಳ್ಳಲ್ಲವಲ್ಲ?”

“ಸುಳ್ಳಲ್ಲ ಸರ್. ಆದರೆ ಆ ಔಷಧಿ ಆ ಸೆಲ್ ಲೈನನ್ನು ಕೊಲ್ಲುತ್ತದೆ ಅಂತ ಹತ್ತು ವರ್ಷದ ಹಿಂದೆಯೇ ಬರೆದಿದ್ದಾರೆ. ನಾವು ಹೊಸದಾಗಿ ಹೇಳಿದ್ದು ಇಲ್ಲಿಯವರೊಬ್ಬರ ಗಡ್ಡೆಯ ಮೇಲೂ ಅದು ಕೆಲಸ ಮಾಡುತ್ತದೆ ಅಂತ. ಅದು ನಾವು ನೋಡಿಯೇ ಇಲ್ಲ.”

ನೋಟ್‌ಬುಕ್ ಮುಚ್ಚಿ ನನ್ನ ಕಡೆ ಸರಿಸಿದರು. “ಸರಿ, ಬರೆದುಬಿಡಣ. ಅಚ್ಚಾದ ಎರಡು ಪೇಪರನ್ನೂ ವಾಪಸ್ ತಗೊಳ್ಳೋಣ. ಕೋಶ ಕಳಿಸಿದ ನಾಲ್ಕು ಲ್ಯಾಬಿಗೂ ತಿಳಿಸಬೇಕು. ರಿಟೈರ್ಮೆಂಟಿಗೆ ಶಾಲು ಹೊದಿಸ್ತಾರೆ ಅಂದ್ಕಂಡಿದ್ದೆ.”

ನಕ್ಕರು. ನನಗೆ ಬೈದಿದ್ದರೆ ಒಳ್ಳೆಯದಿತ್ತು.

ಆಮೇಲೆ ಅವರೇ ಕೇಳಿದರು, 2022ರ ಮಾರ್ಚ್‌ಗೆ ಮುಂಚೆ ಫ್ರೀಜ್ ಮಾಡಿಟ್ಟದ್ದು ಇಲ್ಲವೇ ಎಂದು. ಇದೆ. 2021ರ ಡಿಸೆಂಬರಿನಲ್ಲಿ ಆರು ವಯಲ್, ಅಂದರೆ ಪುಟ್ಟ ಸೀಸೆ, ದ್ರವ ಸಾರಜನಕದಲ್ಲಿ ಇಟ್ಟಿದ್ದೆ. ಆಗಿನ್ನೂ ಬಾಬು ಬದುಕಿದ್ದರು, ಜರ್ಮನಿಯ ಪೆಟ್ಟಿಗೆ ಬಂದಿರಲಿಲ್ಲ. ನಾಲ್ಕು ವಯಲ್ ಇದ್ದ ಟ್ಯಾಂಕು 2023ರ ಚಂಡಮಾರುತದ ವಾರ ಬತ್ತಿಹೋಯಿತು, ಸಾರಜನಕದ ಲಾರಿಗೆ ಐದು ದಿನ ನೀರು ದಾಟಿ ಬರಲಾಗಲಿಲ್ಲ. ಉಳಿದೆರಡು ಇನ್ನೊಂದು ಟ್ಯಾಂಕಿನಲ್ಲಿವೆ. ಅದರ ಮಟ್ಟವೂ ಆ ವಾರ ತಳಕ್ಕಿಳಿದಿತ್ತು. ಫ್ಲಾಸ್ಕಿನಲ್ಲಿ ಬೆಳೆಯುತ್ತಿರುವಾಗ ವಯಲ್ ಯಾರು ನೋಡುತ್ತಾರೆ ಎಂದು ಆಗ ಪರೀಕ್ಷಿಸಲಿಲ್ಲ.

ಎರಡು.

20 ಮಾರ್ಚ್, ಗುರುವಾರ

ಮೊದಲನೆಯದನ್ನು ತೆಗೆದೆ. ಒಂದು ನಿಮಿಷ ನಲವತ್ತು ಸೆಕೆಂಡು ಬೆಚ್ಚಗಿನ ನೀರಿನಲ್ಲಿ. ನೀಲಿ ಬಣ್ಣ ಹಾಕಿ ಎಣಿಸಿದರೆ ಸತ್ತ ಕೋಶ ನೀಲಿಯಾಗುತ್ತದೆ, ಬದುಕಿದ್ದು ಬಣ್ಣ ಒಳಗೆ ಬಿಡುವುದಿಲ್ಲ. ನೂರಕ್ಕೆ ಮೂರು ಬಿಳಿ.

ಹೋಟೆಲಿಗೆ ಹೋದೆ. “ಚೆನ್ನಾಗಿದ್ದಾರೆ.”

25 ಮಾರ್ಚ್, ಮಂಗಳವಾರ

ಎಲ್ಲ ನೀಲಿ.

27 ಮಾರ್ಚ್, ಗುರುವಾರ

ಸರಸಕ್ಕ ಇವತ್ತು ನನ್ನ ತಟ್ಟೆ ನೋಡಿ, “ಎರಡು ಇಡ್ಲಿ ತಿನ್ಲಿಕ್ಕೆ ಮುಕ್ಕಾಲು ಗಂಟೆಯಾ? ಇಷ್ಟು ಹೊತ್ತಿಗೆ ನಮ್ಮವರು ಒಂದು ಮದುವೆಗೆ ದೋಸೆ ಹೊಯ್ತಿದ್ರು,” ಎಂದರು. ನಂತರ, “ಹೇಗಿದ್ದಾರೆ?”

ತಲೆಯಾಡಿಸಿ ಇಡ್ಲಿ ಮುರಿದೆ. ಅವರಿಗೆ ಉಳಿದಿರುವುದು ಅದೊಂದೇ ಆಸರೆ. ಅದನ್ನು ಕಿತ್ತುಕೊಳ್ಳಲು ನಾನು ಯಾರು? ಅಥವಾ, ಅದನ್ನು ಕಿತ್ತುಕೊಂಡವಳೇ ನಾನಾಗಿರುವಾಗ, ಹೇಳದೆ ಉಳಿಸುತ್ತಿರುವುದು ಏನನ್ನು?

ಇನ್ನು ಎರಡನೆಯ ವಯಲ್ ಏನೆಂದು ತಿಳಿಯುವವರೆಗೆ ಹೋಗುವುದಿಲ್ಲ.

7 ಏಪ್ರಿಲ್, ಸೋಮವಾರ

ಹನ್ನೊಂದು ದಿನ ಆ ವಯಲನ್ನು ಮುಟ್ಟಲಿಲ್ಲ. ಮುಚ್ಚಿದ್ದಾಗ ಅದರಲ್ಲಿ ಬಾಬು ಅವರು ಇರಬಹುದು. ತೆರೆದರೆ ಇಲ್ಲದಿರಬಹುದು. ಸರ್‌ಗೆ ಇದನ್ನು ಬೇರೆ ಮಾತಿನಲ್ಲಿ ಹೇಳಿದೆ, ಮುಂದೆ ಉತ್ತಮ ವಿಧಾನ ಬಂದೀತು, ಕಾಯೋಣವೇ ಎಂದು.

“ಶಿಲ್ಪಶ್ರೀ, ಆ ಪೇಪರ್ ನೋಡಿ ಡಾಕ್ಟರು ಇಬ್ಬರು ರೋಗಿಗಳಿಗೆ ಆ ಔಷಧಿ ಕೊಡಕ್ಕೆ ಅನುಮತಿ ಕೇಳಿದ್ರು. ಈಗ ಅದನ್ನ ನಿಲ್ಲಿಸಿದೀವಿ. ನಿಜವಾದ ಕೋಶ ಸಿಕ್ಕರೆ ಮೂರು ತಿಂಗಳಲ್ಲಿ ಹೌದೋ ಅಲ್ವೋ ಹೇಳಬಹುದು. ಕಾಯೋದು ಯಾರಿಗೋಸ್ಕರ?”

ಮಧ್ಯಾಹ್ನ ತೆಗೆದೆ. ನೂರಕ್ಕೆ ಹನ್ನೊಂದು ಬಿಳಿ.

8 ಏಪ್ರಿಲ್

ನಾಲ್ಕು ಸಲ ನೋಡಿದೆ. ಪದೇ ಪದೇ ಇನ್‌ಕ್ಯುಬೇಟರ್ ಬಾಗಿಲು ತೆರೆಯಬಾರದು ಎಂದು ಬಾಗಿಲ ಮೇಲೆ ಚೀಟಿ ಅಂಟಿಸಿದವಳೂ ನಾನೇ.

10 ಏಪ್ರಿಲ್

ಒಂಬತ್ತು ಕೋಶಗಳ ಒಂದು ಗುಂಪು. ನಿನ್ನೆ ಏಳಿತ್ತು ಎಂದು ನನ್ನ ನೆನಪು. ನೆನಪನ್ನು ದಾಖಲೆಯೆಂದು ಬರೆಯುವಂತಿಲ್ಲ.

14 ಏಪ್ರಿಲ್, ಸೋಮವಾರ

ತಮಿಳು ಹೊಸ ವರ್ಷ, ರಜೆ. ಕಾವಲುಗಾರ ಬೀಗ ತೆಗೆದುಕೊಟ್ಟು, ಹಬ್ಬದ ದಿನವೂ ಬಂದಿರಲ್ಲ ಎಂದ. ಇಡೀ ಮಹಡಿಯಲ್ಲಿ ಫ್ರೀಜರುಗಳ ಸದ್ದು ಬಿಟ್ಟರೆ ಏನಿಲ್ಲ.

ತೇಲುವ ಗುಂಪುಗಳೆಲ್ಲ ಕಪ್ಪಾಗಿ ಒಡೆದಿವೆ. ಅವೇ ಗಡ್ಡೆಯ ಕೋಶಗಳು, ನಮಗೆ ಬೇಕಾದವು. ಮುಗಿಯಿತು.

ಫ್ಲಾಸ್ಕನ್ನು ಬ್ಲೀಚಿಗೆ ಹಾಕುವ ಮೊದಲು ಒಮ್ಮೆ ತಳವನ್ನು ನೋಡಿದೆ. ತಳದಲ್ಲಿ ಎರಡು ಕಡೆ ಏನೋ ಅಂಟಿಕೊಂಡಿದೆ. ಉದ್ದಕ್ಕೆ, ತೆಳ್ಳಗೆ, ಎರಡೂ ತುದಿ ಚೂಪು, ಮೀನಿನ ಮರಿಗಳು ಒಂದೇ ದಿಕ್ಕಿಗೆ ಮುಖಮಾಡಿ ನಿಂತ ಹಾಗೆ. ಕ್ಯಾನ್ಸರ್ ಅಲ್ಲ. ಗಡ್ಡೆಯ ಸುತ್ತಲಿನ ಸಾಮಾನ್ಯ ಚರ್ಮದ ಕೋಶಗಳು. ಆರಂಭದ ದಿನಗಳಲ್ಲಿ ತುಣುಕಿನ ಜೊತೆ ಅಂಟಿಕೊಂಡು ಬಂದವು. ಅಂಥವನ್ನು ಕಸವೆಂದು ತೊಳೆದು ತೆಗೆಯುವುದು ಕ್ರಮ.

ತೊಳೆಯಲಿಲ್ಲ. ಏನೆಂದು ಖಚಿತಪಡಿಸಿಕೊಳ್ಳಲು ಬೇಕಲ್ಲ.

30 ಏಪ್ರಿಲ್, ಬುಧವಾರ

ಡಿಎನ್ಎ ವರದಿ ಬಂತು. ಹದಿನಾರಕ್ಕೆ ಹದಿನಾರು. ಎಕ್ಸ್, ವೈ ಎರಡೂ ಇವೆ. ಇದು ಬಾಬು ಅವರೇ.

ವಿಚಿತ್ರ. ಅವರನ್ನು ಕೊಂದ ಕೋಶ, ಎಂದೆಂದಿಗೂ ಬೆಳೆಯುತ್ತಲೇ ಇರಬಹುದಾಗಿದ್ದದ್ದು, ಸತ್ತುಹೋಯಿತು. ಅವರ ಕೈಯ ಆರೋಗ್ಯದ ಚರ್ಮ ಉಳಿದಿದೆ. ಆದರೆ ಸಾಮಾನ್ಯ ಕೋಶಕ್ಕೆ ಎಣಿಕೆಯುಂಟು. ಇಷ್ಟು ಸಲ ಎಂದು ಇಬ್ಭಾಗವಾಗುತ್ತದೆ, ಆಮೇಲೆ ನಿಲ್ಲುತ್ತದೆ. ಅರವತ್ತೊಂದು ವರ್ಷದವರದು, ಫ್ರೀಜರಿನಲ್ಲಿ ಪೆಟ್ಟು ತಿಂದದ್ದು. ಕೆಲವು ವಾರ ಇದ್ದೀತು. ಅದರಿಂದ ಯಾವ ರೋಗಿಗೂ ಪ್ರಯೋಜನವಿಲ್ಲ. ಅದರ ಮೇಲೆ ಯಾವ ಔಷಧಿ ಪರೀಕ್ಷೆ ಮಾಡಿದರೂ ತಿಳಿಯುವುದೇನಿಲ್ಲ.

ಸರ್, “ಸರಿ, ಮುಚ್ಚಿಬಿಡಮ್ಮ ಈ ಅಧ್ಯಾಯ. ಜಾಗ ಬೇರೆಯವರಿಗೆ ಬೇಕು,” ಎಂದರು. ಮುಚ್ಚುತ್ತೇನೆ ಎಂದೆ. ಮೊದಲು ಸರಸಕ್ಕನಿಗೆ ಹೇಳಿ.

8 ಮೇ, ಗುರುವಾರ

ಹೇಳಿದೆ.

ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿ ಶುರುವಾಗುವ ಮೊದಲು ಹೋದೆ. ಸರಸಕ್ಕ ಹಿಂದಿನ ಟೇಬಲ್ಲಿನಲ್ಲಿ ಕೂತು ಬೀನ್ಸಿನ ನಾರು ತೆಗೆಯುತ್ತಿದ್ದರು. “ಐದು ವಾರ ಎಲ್ಲಿಗೆ ಹೋಗಿದ್ದದ್ದು ನೀವು? ಟಿ. ನಗರದವರ ಟಿಫಿನ್ ರುಚಿಯಾಯ್ತಾ?” ಎಂದು ನನ್ನ ಮುಂದೆಯೂ ಒಂದು ಹಿಡಿ ಬೀನ್ಸ್ ತಳ್ಳಿದರು.

ನಾರು ತೆಗೆಯುತ್ತಲೇ ಎಲ್ಲ ಹೇಳಿದೆ. ಅವರು ಕೈ ನಿಲ್ಲಿಸಲಿಲ್ಲ.

“ಅಂದ್ರೆ ಇಷ್ಟು ದಿನ ಇದ್ದದ್ದು ಯಾರದ್ದು?”

“ಜರ್ಮನಿಯ ಯಾರೋ ಹೆಂಗಸಿನದು. ಎಂಬತ್ತು ದಾಟಿದವರು. ಹೆಸರು ನಮಗೂ ಗೊತ್ತಿಲ್ಲ.”

“ಮೂರು ವರ್ಷ ನಾನು ಅವಳ ಕ್ಷೇಮ ವಿಚಾರಿಸಿದ್ದಾ?” ಸ್ವಲ್ಪ ಯೋಚಿಸಿ, “ಇರ್ಲಿ. ಅವಳನ್ನೂ ಯಾರಾದ್ರೂ ಕೇಳ್ಬೇಕಲ್ಲ,” ಎಂದರು.

ತಾರೀಕನ್ನೂ ಹೇಳಿದೆ. ಊಟಕ್ಕೆ ಹೊತ್ತಾಗುತ್ತದೆಂದು ಅವಸರ ಮಾಡಿದ್ದು, ಒಂದೇ ಬಾಟಲಿ.

“ನಂಗೆ ನೆನಪುಂಟು. ಎರಡು ಸಲ ಪಾಯಸ ಹಾಕಿಸ್ಕೊಂಡಿದ್ರಿ.”

ನನ್ನ ಕೈಯಲ್ಲಿದ್ದ ಬೀನ್ಸ್ ತುಂಡಾಯಿತು. ಕ್ಷಮಿಸಿ ಸರಸಕ್ಕ ಎಂದೆ.

“ಎಂತಕ್ಕೆ? ಅವರು ಹೋಗಿ ಮೂರು ವರ್ಷ ಆಯ್ತು ಮೇಡಂ. ನಿಮ್ಗೆ ಇವತ್ತು ಗೊತ್ತಾದದ್ದಾ?”

“ನೀವು ಪ್ರತಿ ವಾರ ಕೇಳುತ್ತಿದ್ದಿರಿ.”

“ಕೇಳ್ತಿದ್ದೆ. ನಿಮ್ಮ ಅಮ್ಮ ಹೋದ ಮೇಲೆ ನೀವು ಬಂದು ಆ ಮೂಲೆಯಲ್ಲಿ ಗೋಡೆ ನೋಡ್ತಾ ಕೂರ್ತಿದ್ರಿ. ಹವೆ ಹೇಗುಂಟು ಅಂದ್ರೆ ಮಾತಿಲ್ಲ, ಆಫೀಸು ಹೇಗುಂಟು ಅಂದ್ರೆ ಮಾತಿಲ್ಲ. ಇವರ ಸುದ್ದಿ ತೆಗೆದ್ರೆ ಮಾತ್ರ ನಾಲ್ಕು ಮಾತು ಬರ್ತಿತ್ತು. ಹಾಗೆ ಕೇಳ್ತಿದ್ದೆ. ಪ್ರಣಮ್ಯಾ ಬೈತಿದ್ಲು ನಂಗೆ, ಅಪ್ಪನನ್ನು ಯಾಕೆ ಎಳೀತಿ ಅಂತ.”

ನನ್ನ ಪಾಲಿನ ಬೀನ್ಸ್ ಮುಗಿಸಿದೆ. ಆಮೇಲೆ ಉಳಿದಿರುವ ಕೋಶಗಳ ವಿಷಯ ಹೇಳಿದೆ. ಇವು ನಿಜವಾಗಿಯೂ ಅವರವೇ, ರೋಗದ್ದಲ್ಲ, ಅವರ ಕೈಯದು ಎಂದೆ. ಆಗ ಮಾತ್ರ ಅವರ ಕೈ ನಿಂತಿತು.

“ಅದು ಯಾವುದಕ್ಕೆ ಬೇಕು?”

“ಯಾವುದಕ್ಕೂ ಇಲ್ಲ.”

“ಹಾಗಾದ್ರೆ ಬಿಟ್ಬಿಡಿ ಮೇಡಂ. ಬೂದಿ ಸಮುದ್ರಕ್ಕೆ ಬಿಟ್ಟಾಗಿದೆ. ಸ್ವಲ್ಪ ಅಲ್ಲಿ, ಸ್ವಲ್ಪ ಇಲ್ಲಿ ಅಂತ ಬೇಡ. ಕೆಲಸಕ್ಕೆ ಆಗ್ತದೆ ಅಂದಿದ್ರಿ, ಅದಕ್ಕೆ ಕೊಟ್ಟದ್ದು. ಕೆಲಸ ಇಲ್ಲದೆ ಅವರು ಎಲ್ಲಿಯೂ ನಿಂತವರಲ್ಲ.”

ಆಗಲಿ ಎಂದೆ. ಮಾತು ಕೊಟ್ಟೆ.

ನೋವನ್ನು ಮುಚ್ಚಿಕೊಳ್ಳಲು ಹಾಗೆ ಮಾತಾಡಿದರು ಎಂದು ನನಗನಿಸುತ್ತದೆ. ಹೆಂಗಸರು ಹಾಗೆಯೇ. ಹೊರಡುವಾಗ ಕಾಫಿ ಕುಡಿದು ಹೋಗಿ ಎಂದರು. ಕುಡಿದೆನೋ ಇಲ್ಲವೋ ಈಗ ನೆನಪಾಗುತ್ತಿಲ್ಲ.

16 ಮೇ, ಶುಕ್ರವಾರ

ನಾಲ್ಕು ಲ್ಯಾಬಿಗೂ ಪತ್ರ ಹೋಯಿತು. ಒಂದು ಕಡೆಯಿಂದ ಒಬ್ಬ ವಿದ್ಯಾರ್ಥಿನಿ ನೇರವಾಗಿ ನನಗೇ ಬರೆದಿದ್ದಾಳೆ. ಎರಡೂವರೆ ವರ್ಷದ ಅವಳ ಪಿಎಚ್‌ಡಿ ಕೆಲಸವೆಲ್ಲ ಈ ಸೆಲ್ ಲೈನಿನ ಮೇಲೆಯೇ ಅಂತೆ. ಬೈದಿಲ್ಲ. ಯಾವ ದಿನಾಂಕದ ನಂತರದ್ದು ಹಾಳು ಎಂದಷ್ಟೇ ಕೇಳಿದ್ದಾಳೆ. ಎಲ್ಲವೂ ಎಂದು ಉತ್ತರಿಸಿದೆ.

ಇಬ್ಬರು ರೋಗಿಗಳಲ್ಲಿ ಒಬ್ಬರು ತೀರಿಕೊಂಡರಂತೆ. ಔಷಧಿ ಕೊಟ್ಟಿದ್ದರೆ ಉಳಿಯುತ್ತಿದ್ದರೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಗೊತ್ತಾಗುವಂತೆ ಮಾಡುವುದೇ ನಮ್ಮ ಕೆಲಸವಾಗಿತ್ತು.

ಫ್ಲಾಸ್ಕನ್ನು ಸೋಮವಾರ ತೆಗೆಯುತ್ತೇನೆ. ಇವತ್ತು ಹೊತ್ತಾಯಿತು.

21 ಮೇ, ಬುಧವಾರ

ಫ್ಲಾಸ್ಕನ್ನು ಇನ್‌ಕ್ಯುಬೇಟರಿನ ಕೆಳಗಿನ ಅರೆಗೆ, ಹಿಂದಕ್ಕೆ ಸರಿಸಿಟ್ಟೆ. ಬೇರೆಯವರ ಫ್ಲಾಸ್ಕುಗಳಿಗೆ ಅಡ್ಡವಾಗಬಾರದೆಂದು.

29 ಮೇ, ಗುರುವಾರ

ಕೋಶಗಳು ಇಬ್ಭಾಗವಾಗುವುದನ್ನು ನಿಲ್ಲಿಸಿವೆ. ಎಂಟು ದಿನದಿಂದ ಎಣಿಕೆ ಬದಲಾಗಿಲ್ಲ. ಒಂದೊಂದೂ ಹರಡಿಕೊಂಡು ಅಗಲವಾಗಿದೆ, ಅಂಚು ಮಸುಕಾಗಿದೆ. ಇದು ಸಾವಲ್ಲ. ಉಣ್ಣುತ್ತವೆ, ಇರುತ್ತವೆ, ಬೆಳೆಯುವುದಿಲ್ಲ. ಹೀಗೆ ಎಷ್ಟು ದಿನ ಇರಬಲ್ಲವು ಎಂದು ಸರಿಯಾಗಿ ಯಾರೂ ನೋಡಿಲ್ಲ, ನೋಡಲು ಕಾರಣ ಇರುವುದಿಲ್ಲವಲ್ಲ.

ಸರ್ ಮುಕ್ತಾಯದ ನಮೂನೆ ಕಳಿಸಿದ್ದರು, ಇವತ್ತೇ ಬೇಕೆಂದು. ಅದರಲ್ಲಿ ಇರುವುದು ಮೂರೇ ಮನೆ. ಬೆಳೆಯುತ್ತಿದೆ. ಫ್ರೀಜ್ ಮಾಡಲಾಗಿದೆ. ನಾಶಪಡಿಸಲಾಗಿದೆ. ಮೂರನೆಯದಕ್ಕೆ ಗುರುತು ಹಾಕಿ, ಕಾರಣದ ಜಾಗದಲ್ಲಿ ‘ಬೇರೆ ಸೆಲ್ ಲೈನ್ ಬೆರೆತಿದೆ’ ಎಂದು ಬರೆದು, ತಾರೀಕು ಹಾಕಿ ಸಹಿ ಮಾಡಿ ಕಳಿಸಿದೆ. ಸರ್, ಒಳ್ಳೆಯದಾಯಿತು ಎಂದು ಉತ್ತರಿಸಿದರು.

ಆಮೇಲೆ ಹುಡ್ ಒರೆಸಿ, ಅರ್ಧ ಗಂಟೆ ಬಿಟ್ಟು, ಹೊಸ ಬಾಟಲಿ ತೆರೆದು ಕೋಶಗಳ ಮೀಡಿಯಂ ಬದಲಿಸಿದೆ. ನೋಟ್‌ಬುಕ್ಕಿನಲ್ಲಿ ಏನೂ ಬರೆಯಲಿಲ್ಲ.